ಬಾಟಲಿಯೊಳಗಿನ ಕನ್ನಡಿ ಸೀನು

ದಾಂಪತ್ಯವೆಂಬುದು ಪರಸ್ಪರ ನಂಬಿಕೆಯ ಮೇಲೆ ನಿಂತ ಸಂಸ್ಥೆ ಎಂದು ಬಲ್ಲವರು ಹೇಳುತ್ತಾರೆ. ನಾನು ಹತ್ತಿರದಿಂದ ಕಂಡ ಒಂದು ದಾಂಪತ್ಯ ಮಾತ್ರ ಫಿಲ್ಮಿನ ತುಂಡು ಜೋಡಿಸುವ ಸಿಮೆಂಟಿನ ಮೇಲೆ ನಿಂತಿತ್ತು. ಅದೂ ಕಿತ್ತೂರಿನಲ್ಲಿ ಹಳೆಯ ಔಷಧದ ಬಾಟಲಿಯೊಳಗೆ ಕಲಸಿದ ಸಿಮೆಂಟು.

ತೊಂಬತ್ತರ ದಶಕದ ನಡುಭಾಗ. ನಾನು ಆಗ ರಾಮದುರ್ಗದ ಒಂದು ಥೇಟರಿನಲ್ಲಿ ಚಿತ್ರ ಓಡಿಸುವ ಆಪರೇಟರ್, ಜನರ ಬಾಯಲ್ಲಿ ಮಾಸ್ತರ. ಮನೆಮನೆಗೆ ಕೇಬಲ್ ಬಂದು, ಥೇಟರಿನ ಕುರ್ಚಿಗಳಲ್ಲಿ ಪ್ರೇಕ್ಷಕರಿಗಿಂತ ತಗಣಿಗಳೇ ನಿಯಮಿತವಾಗಿ ಹಾಜರಿರುತ್ತಿದ್ದ ಕಾಲ. ಹಳೆಯ ಪದ್ಧತಿಯಂತೆ ನಮ್ಮ ಥೇಟರಿಗೆ ಎರಡು ಬಾಗಿಲು. ರಸ್ತೆಯ ಕಡೆಯದು ಗಂಡಸರಿಗೆ. ಪಕ್ಕದ ಓಣಿಯೊಳಗಿನದು ಹೆಂಗಸರಿಗೆ. ಒಳಗೂ ಹೆಂಗಸರ ಸಾಲುಗಳನ್ನು ಎದೆಮಟ್ಟದ ಗೋಡೆಯೊಂದು ಬೇರೆ ಮಾಡಿತ್ತು. ಓಣಿಯ ಬಾಗಿಲಿಗೆ ಲೇಡೀಸ್ ಗೇಟ್ ಎಂದು ಹೆಸರು. ಅದನ್ನು ಕಾಯುತ್ತಿದ್ದವಳು ಅರವತ್ತು ದಾಟಿದ ಮುಸ್ಲಿಂ ಹೆಂಗಸು. ಊರಿಗೆಲ್ಲ ಆಕೆ ಖಾಲಾ.

ಖಾಲಾನ ಕೆಲಸ ಟಿಕೇಟು ಹರಿಯುವುದು. ಅದರ ಜೊತೆಗೆ ಆಕೆ ತಾನಾಗಿ ಹಚ್ಚಿಕೊಂಡ ಇನ್ನೊಂದು ಉದ್ಯೋಗವಿತ್ತು. ನಮ್ಮ ಕಡೆ ಹೆಣ್ಣುಮಕ್ಕಳು ಮನೆಯವರಿಗೆಲ್ಲ ಉಣಬಡಿಸಿ, ಮುಸುರೆ ತಿಕ್ಕಿ, ಕೂಸನ್ನು ಬಗಲಿಗೆ ಹಾಕಿಕೊಂಡು ಬರುವ ಹೊತ್ತಿಗೆ ಚಿತ್ರ ಅರ್ಧ ತಾಸು ಓಡಿರುತ್ತಿತ್ತು. ಹಾಗೆ ತಡವಾಗಿ ಬಂದವರಿಗೆ ಖಾಲಾ ಟಿಕೇಟು ಹರಿಯುತ್ತಲೇ ಅಲ್ಲಿಯತನಕದ ಕಥೆ ಹೇಳಿ ಒಳಗೆ ಬಿಡುತ್ತಿದ್ದಳು.

"ಅಪ್ಪ ಸತ್ತಾನ. ಅಣ್ಣಗ ಗೊತ್ತಿಲ್ಲ. ಆ ಬೋಳ ತಲೀಯಂವನ ಕಳ್ಳ. ಹೋಗ, ಮೂರನೇ ಸಾಲಿನ್ಯಾಗ ಜಾಗಾ ಐತಿ."

ಇಷ್ಟೇ. ಕಥೆ ಕಡಿಮೆ ಬಿದ್ದಲ್ಲಿ ಆಕೆ ತನ್ನ ಕೈಯಿಂದ ಸ್ವಲ್ಪ ಹಾಕುತ್ತಾಳೆ ಎಂಬ ದೂರು ಮಾತ್ರ ಇತ್ತು.

ಮಾಲೀಕರು ಹತ್ತಿ ವ್ಯಾಪಾರದ ಹಳೆಯ ಮನೆತನದವರು, ನಮಗೆ ಸಾವ್ಕಾರ್ರು. ಒಂದು ದಿನ ನನ್ನನ್ನೂ ಖಾಲಾನನ್ನೂ ಕರೆಸಿದರು.

"ಪಿಚ್ಚರ್ ಕಳಸೋ ಹುಬ್ಬಳ್ಳಿ ಆಫೀಸನವರು ಬೆನ್ನ ಹತ್ಯಾರ. ಹನ್ನೊಂದೂವರಿ ಶೋ ಚಾಲೂ ಮಾಡ್ರಿ ಅಂತಾರ," ಎಂದರು.

ಬೆಳಗಿನ ಹನ್ನೊಂದೂವರೆ ಶೋ ಎಂದರೆ ಏನೆಂದು ಆ ಕಾಲದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾವುದೋ ಒಂದು ಚಿತ್ರ ಹಾಕುವುದು. ನಡುವೆ ಎಲ್ಲಿಂದಲೋ ತಂದ ಹೊಲಸು ತುಂಡೊಂದನ್ನು ಅಂಟಿಸುವುದು. ಅದಕ್ಕೆ ಬಿಟ್ ಎಂದು ಹೆಸರು. ಚಿತ್ರದ ಮೊದಲಿಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ, ನಡುವೆ ಬಿಟ್, ಕೊನೆಗೆ ಶುಭಂ.

"ಹಂಗಾದ್ರ ಲೇಡೀಸ್ ಗೇಟು?" ಎಂದೆ.

"ಅಂಥಾದ್ದ ನೋಡಾಕ ಹೆಣಮಕ್ಕಳು ಬರ್ತಾರೇನೋ? ಗೋಡಿ ಒಡದು ಎಲ್ಲಾ ಒಂದ ಮಾಡೂದು."

"ನನ್ನ ಎಲ್ಲಿ ಕೂಡಸ್ತೀರಿ ಸಾವ್ಕಾರ್ರ?" ಖಾಲಾ ಕೇಳಿದಳು.

"ಮನ್ಯಾಗ ಕೂಡು. ವಯಸ್ಸಾತಲ್ಲ."

"ವಯಸ್ಸ ನನಗ ಆಗಿಲ್ರಿ, ನಿಮ್ಮ ಕುರ್ಚಿಗೋಳಿಗೆ ಆಗೇತಿ. ಮನ್ಯಾಗ ಕುಂತ್ರ ಮಗಾ ಸೊಸಿ ನನ್ನ ಯಾವ ಸೀಟಿನ್ಯಾಗ ಹಾಕ್ತಾರ ಅಂತ ನನಗ ಗೊತ್ತೈತಿ."

ಸಾವ್ಕಾರ್ರು ನಕ್ಕರು. ಕೆಟ್ಟ ಮನುಷ್ಯರಲ್ಲ. ಕೊನೆಯದೊಂದು ಅವಕಾಶ ಕೊಟ್ಟರು. ಥೇಟರ್ ಹೊಸದಿದ್ದಾಗ ಅಲ್ಲಿ ವಾರಗಟ್ಟಲೆ ಓಡಿದ ಒಂದು ಹಳೆಯ ಕಪ್ಪು-ಬಿಳುಪು ಹಾಸ್ಯಚಿತ್ರವಿತ್ತು. ಮದುವೆಯಾದ ಹೊಸದರಲ್ಲಿ ಅವರು ಹೆಂಡತಿಯನ್ನು ಕರೆತಂದು ತೋರಿಸಿದ್ದ ಚಿತ್ರ. ಅದನ್ನೇ ತರಿಸಿ, ಶುಕ್ರವಾರ ಮೂರು ಗಂಟೆಗೆ ಹೆಂಗಸರಿಗಷ್ಟೇ ಶೋ ಇಡುವುದು. "ಹೆಣಮಕ್ಕಳು ಬಂದು, ಕಡೀತನಕಾ ಕುಂತ್ರ, ಗೋಡಿ ಇರ್ಲಿ, ಗೇಟ್ ಇರ್ಲಿ. ನಡುವ ಎದ್ದ ಹೋದ್ರ ಶನಿವಾರ ಗೋಡಿ ಒಡ್ಯಾಕ ಗೌಂಡಿನ್ನ ಕರಸ್ತೇನಿ."

ಚಿತ್ರದ ಕಥೆ ಇಷ್ಟು. ಮೈಸೂರಿನ ಒಬ್ಬ ವಕೀಲ. ಮನೆಯಲ್ಲಿ ಲಕ್ಷಣವಾದ ಹೆಂಡತಿ. ಮನಸ್ಸು ಮಾತ್ರ ಓಣಿ ಓಣಿ ತಿರುಗುತ್ತದೆ. ಹೆಂಡತಿಗೆ ಸುಳಿವು ಸಿಗುತ್ತದೆ. ಆಕೆ ಅಳುತ್ತ ಕೂರುವ ಬದಲು ಕನ್ನಡಿಯ ಮುಂದೆ ಕುಳಿತು ಬಳೆ ಬಿಚ್ಚಿ, ಚೌರಿ ಕೂದಲು ಕಟ್ಟಿ, ಕಪ್ಪು ಕನ್ನಡಕ ಏರಿಸಿ, ಗಲ್ಲದ ಮೇಲೆ ಕಾಡಿಗೆಯಿಂದ ಒಂದು ಮಚ್ಚೆ ಇಟ್ಟುಕೊಂಡು ಮುಂಬಯಿಯ ನರ್ತಕಿಯಾಗುತ್ತಾಳೆ. ಗಂಡ ಆ ನರ್ತಕಿಯ ಹಿಂದೆ ಬೀಳುತ್ತಾನೆ. ಕೊನೆಗೆ ಹೋಟೆಲಿನ ಕೋಣೆಯಲ್ಲಿ ಆಕೆ ಸೆರಗಿನ ತುದಿಯಿಂದ ಮಚ್ಚೆ ಒರೆಸಿಕೊಳ್ಳುತ್ತಾಳೆ. ಈತ ಕಾಲಿಗೆ ಬೀಳುತ್ತಾನೆ. ಇಷ್ಟು ವರ್ಷ ಜೊತೆಗಿದ್ದ ಹೆಂಡತಿಯನ್ನು ಒಂದು ಮಚ್ಚೆಯ ಕಾರಣಕ್ಕೆ ಗುರುತಿಸದ ಗಂಡ ಇರಬಹುದೇ ಎಂದು ನಾನು ಒಮ್ಮೆ ಶಂಕಿಸಿದ್ದೆ. "ಮಚ್ಚಿನೂ ಬ್ಯಾಡ ಮಾಸ್ತರ, ಸೀರಿ ಬದಲಿ ಮಾಡಿದ್ರ ಸಾಕು," ಎಂದು ಖಾಲಾ ತನ್ನ ಅನುಭವ ಹೇಳಿದ್ದಳು.

ಬುಧವಾರದ ಬಸ್ಸಿಗೆ ಪ್ರಿಂಟು ಬಂತು. ಜೊತೆಗೆ ಹುಬ್ಬಳ್ಳಿ ಆಫೀಸಿನ ಪ್ರತಿನಿಧಿ. ಇಸ್ತ್ರಿಯ ಸಫಾರಿ, ಬಾಯಿ ತುಂಬ ಗುಟಖಾ. ಮಾತಾಡಬೇಕಾದಾಗ ಮುಖವನ್ನು ಆಕಾಶಕ್ಕೆ ಎತ್ತಿ ಮಾತಾಡುತ್ತಿದ್ದ, ಋಷಿಗಳಂತೆ. ಪೆಟ್ಟಿಗೆಗೆ ಮುಂಚೆ ಪೋಸ್ಟರ್ ಬಿಚ್ಚಿದ. ಚಿತ್ರದ ಹೆಸರು ಬದಲಾಗಿತ್ತು; ಹೊಸ ಹೆಸರನ್ನು ಇಲ್ಲಿ ಬರೆದರೆ ನನ್ನ ಮನೆಯವರು ಈ ಪುಟ ಓದಲಾರರು. ಹೆಸರಿನ ಕೆಳಗೆ ಒದ್ದೆ ಬಟ್ಟೆಯ ಒಬ್ಬಳು ಹೆಂಗಸು. ಆಕೆ ಚಿತ್ರದಲ್ಲಿ ಎಲ್ಲೂ ಇಲ್ಲ ಎಂಬುದೊಂದೇ ಚಿತ್ರದ ಮಾನ ಉಳಿಸಿದ ಸಂಗತಿ.

ಆ ಪೋಸ್ಟರ್ ಸುತ್ತಿ ಮೂಲೆಗಿಟ್ಟು ಕ್ಯಾಬಿನ್ನಿಗೆ ಹೋದೆ. ಬಂದ ಪ್ರಿಂಟನ್ನು ಶೋಗೆ ಮುಂಚೆ ಕೈಯಲ್ಲಿ ಓಡಿಸಿ ನೋಡುವುದು ನಾನು ಕಲಿತ ಪದ್ಧತಿ. ರಿವೈಂಡರ್ ಎಂದರೆ ಎರಡು ಕಡೆ ಚಕ್ರವಿರುವ ಹಲಗೆ. ಒಂದು ಕೈಯಿಂದ ಹಿಡಿಕೆ ತಿರುಗಿಸುತ್ತ, ಇನ್ನೊಂದು ಕೈಯ ಹೆಬ್ಬೆರಳು-ತೋರುಬೆರಳ ನಡುವೆ ಫಿಲ್ಮಿನ ಅಂಚು ಹರಿಯಲು ಬಿಡಬೇಕು. ಹರಿದ ತೂತು, ಸಡಿಲಾದ ಜೋಡಣೆ ಬೆರಳಿಗೆ ತಾಗುತ್ತವೆ. ಜೋಡಣೆ ಸಿಕ್ಕಲ್ಲಿ ನಿಲ್ಲಿಸಿ ಬಲ್ಬಿನ ಎದುರು ಹಿಡಿದು ನೋಡಬೇಕು. ಇಲ್ಲದಿದ್ದರೆ ಮಷೀನಿನೊಳಗೆ ಹೋಗಿ ಹರಿಯುತ್ತದೆ, ಕೆಳಗಿನಿಂದ ಜನ ಆಪರೇಟರನ ತಾಯಿಯ ಹೆಸರು ಹಿಡಿದು ಕೂಗುತ್ತಾರೆ.

ಮೊದಲ ರೀಲುಗಳು ಚೆನ್ನಾಗಿದ್ದವು. ಏಳನೆಯದರ ನಡುವೆ ಬೆರಳಿಗೆ ದಪ್ಪ ಜೋಡಣೆ ತಾಗಿತು. ಬಲ್ಬಿಗೆ ಹಿಡಿದೆ. ಹೆಂಡತಿ ಕೋಣೆಯ ಬಾಗಿಲು ಹಾಕುತ್ತಾಳೆ. ಫಿಲ್ಮಿನ ಮರುಚೌಕದಲ್ಲೇ ಗಂಡ ರಸ್ತೆಯಲ್ಲಿ ಮೀಸೆ ತಿರುವುತ್ತಿದ್ದಾನೆ. ಕನ್ನಡಿ ಸೀನು ಪೂರ್ತಿ ಮಾಯ. ಆ ಭಾಗವನ್ನು ಮಷೀನಿಗೆ ಹಾಕಿ ಓಡಿಸಿದೆ. ಫಿಲ್ಮಿನಲ್ಲಿ ಚಿತ್ರಕ್ಕಿಂತ ಶಬ್ದವನ್ನು ಇಪ್ಪತ್ತು ಚೌಕದಷ್ಟು ಮುಂಚೆಯೇ ಮುದ್ರಿಸಿರುತ್ತಾರೆ. ಹಾಗಾಗಿ ಸೀನನ್ನು ಕತ್ತರಿಸಿದವನು ಅದರ ಮೊದಲ ಸದ್ದನ್ನು ಹಿಂದಿನ ಸೀನಿನ ಅಂಚಿನಲ್ಲೇ ಬಿಟ್ಟುಹೋಗುತ್ತಾನೆ. ಮೀಸೆ ತಿರುವುವ ಗಂಡನ ಮುಖದ ಮೇಲೆ, ಒಂದು ಕ್ಷಣ, ಬಳೆ ಕಳಚುವ ಸದ್ದು ಕೇಳಿಸಿತು. ಆಮೇಲೆ ಇಲ್ಲ.

ಮುಂದಿನ ರೀಲುಗಳನ್ನೂ ಓಡಿಸಿ ನೋಡಿದೆ. ಕೊನೆಯ ರೀಲಿನಲ್ಲಿ ಮಚ್ಚೆ ಒರೆಸಿಕೊಳ್ಳುವ ಸೀನೂ ಇಲ್ಲ. ಹೋಟೆಲಿನ ಬಾಗಿಲು ಮುಚ್ಚುತ್ತದೆ. ಅಲ್ಲಿ ಬೇರೆಯೇ ಬಣ್ಣದ, ಬೇರೆಯೇ ದೇಶದ ಬಿಟ್ ಅಂಟಿಸಿದ್ದರು. ಅದು ಮುಗಿದ ಕೂಡಲೆ ವಕೀಲ ಮನೆಗೆ ಬರುತ್ತಾನೆ, ಹೆಂಡತಿ ಪಾಯಸ ಬಡಿಸುತ್ತಾಳೆ, ಇಬ್ಬರೂ ನಗುತ್ತಾರೆ, ಶುಭಂ. ಹೆಂಡತಿಯೇ ನರ್ತಕಿ ಎಂದು ಯಾರಿಗೂ ತಿಳಿಯುವುದಿಲ್ಲ. ಗಂಡ ಪರಸ್ತ್ರೀಯ ಕೋಣೆಗೆ ಹೋಗಿ ಬಂದು, ಕೈತೊಳೆದು, ಪಾಯಸ ಉಂಡ. ಹೊಲಸನ್ನು ಸೇರಿಸುವುದು ಯಾರಿಗೂ ಬರುತ್ತದೆ. ಬರೀ ಕಳೆದು ಹೊಲಸು ಮಾಡಲು ವಿದ್ಯೆ ಬೇಕು. ನಾನು ಕೆಳಗಿಳಿದು ನಳಕ್ಕೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡೆ. ಫಿಲ್ಮ್ ಮುಟ್ಟಿದ್ದಕ್ಕೆ ಸೋಪು ಹಚ್ಚಿದ್ದು ನನ್ನ ಸರ್ವಿಸಿನಲ್ಲಿ ಅದೇ ಮೊದಲು.

"ಇದೇನ್ರಿ ಇದು?" ಪ್ರತಿನಿಧಿಯನ್ನು ಕೇಳಿದೆ.

ಅವನು ಆಕಾಶ ನೋಡಿದ. "ಏನ್ ಆಗೇತಿ?"

"ಹೆಂಡ್ತಿ ವೇಷಾ ಹಾಕೋ ಸೀನ ಇಲ್ಲ."

"ಹೆಂಡ್ತಿ ಅಂತ ಗೊತ್ತಾದ್ರ ಮಜಾ ಎಲ್ಲಿ ಬರ್ತೈತ್ರಿ? ಹೆಂಡ್ತಿನ್ನ ಎಲ್ಲಾರೂ ಮನ್ಯಾಗ ನೋಡ್ತಾರ." ಗುಟಖಾ ಉಗುಳಿ ಬಂದು ಮುಂದುವರಿಸಿದ. "ಕಿತ್ತೂರು, ಬೈಲಹೊಂಗಲ, ಸವದತ್ತಿ, ಮೂರೂ ಕಡೆ ಓಡೇತಿ. ಒಬ್ಬರೂ ತಕರಾರ ಮಾಡಿಲ್ಲ. ನೀವೊಬ್ರ."

"ಇಲ್ಲಿ ಲೇಡೀಸ್ ಶೋ ಐತ್ರಿ."

"ಲೇಡೀಸ್ ಶೋಗೆ ಬಿಟ್ ತಗೀರಿ. ಉಳದದ್ದು ಫ್ಯಾಮಿಲಿ ಪಿಚ್ಚರನ ಐತೆಲ್ಲ."

ಸಾವ್ಕಾರ್ರಿಗೆ ಹೇಳಿದೆ. ಅವರು, "ಆಟೋದಾಗ ಮೈಕ್ ಕಟ್ಟಿ ಊರೆಲ್ಲಾ ಸಾರೇವಿ. ಶೋ ನಿಲ್ಲಂಗಿಲ್ಲ. ಸೀನ್ ಎಲ್ಲಿ ಬಿದ್ದಾವೋ ಹುಡಿಕ್ಯಾಡು," ಎಂದರು. ಲೇಡೀಸ್ ಗೇಟಿನಲ್ಲಿ ಖಾಲಾ ಆಗಲೇ ಬಾಗಿಲಿಗೆ ಹಸಿರು ಬಣ್ಣ ಹಚ್ಚಿಸುತ್ತಿದ್ದಳು. ಕನ್ನಡಿ ಸೀನಿಲ್ಲದ ಆ ಚಿತ್ರವನ್ನು ನಮ್ಮೂರ ಹೆಣ್ಣುಮಕ್ಕಳು ಕೊನೆಯತನಕ ಕುಳಿತು ನೋಡುವುದು ಸಾಧ್ಯವೇ ಇರಲಿಲ್ಲ. ಹಾಗೆಂದು ಆಕೆಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಗುರುವಾರ ಮೊದಲ ಬಸ್ಸಿಗೆ ಹೊರಟೆ. ಪ್ರಿಂಟು ಬಂದ ದಾರಿಯಲ್ಲೇ ಹಿಂದೆ ಹಿಂದೆ ಹೋಗುವುದು ಎಂದು ಲೆಕ್ಕ. ಮೊದಲು ಸವದತ್ತಿ. ಅಲ್ಲಿನ ಆಪರೇಟರ್ ನನ್ನನ್ನು ಕ್ಯಾಬಿನ್ನಿಗೆ ಕರೆದೊಯ್ದು, ದೇವರ ಫೋಟೋದ ಹಿಂದಿನಿಂದ ಬಿಸ್ಕೀಟಿನ ಡಬ್ಬಿಯೊಂದನ್ನು ತೆಗೆದ. ಒಳಗೆ ಅವನು ಬಂದ ಚಿತ್ರಗಳಿಂದೆಲ್ಲ ಕತ್ತರಿಸಿ ಇಟ್ಟುಕೊಂಡ ತುಂಡುಗಳು. "ನನ್ನ ಕಲೆಕ್ಷನ್," ಎಂದು ಅಭಿಮಾನದಿಂದ ಹೇಳಿದ. ಒಂದೊಂದಾಗಿ ಬೆಳಕಿಗೆ ಹಿಡಿದೆ. ಸೊಂಟ, ಕುತ್ತಿಗೆ, ನೆನೆದ ಸೀರೆ, ಕಾಲು. ಡಬ್ಬಿಯೊಳಗೆ ಒಬ್ಬ ಹೆಂಗಸೂ ಪೂರ್ತಿ ಇರಲಿಲ್ಲ.

"ಕನ್ನಡಿ ಸೀನ ನನ್ನ ಕಡೆ ಬರೂಮುಂದ ಇರಲಿಲ್ರಿ. ಬೇಕಂದ್ರ ಇದರಾಗಿಂದ ಎರಡ ತುಂಡ ಒಯ್ರಿ," ಎಂದ. ಅತಿಥಿ ಸತ್ಕಾರ. ಚಹಾ ಕೂಡ ಬೇಡವೆಂದು ಎದ್ದೆ.

ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಬೈಲಹೊಂಗಲಕ್ಕೆ ಹೋದಾಗ ಅಲ್ಲಿ ಹನ್ನೊಂದೂವರೆ ಶೋ ನಡೆದಿತ್ತು. ಮ್ಯಾನೇಜರ್ ಪರಿಚಯದವ. ಲೇಡೀಸ್ ಸೈಡ್ ಎಲ್ಲಿ ಎಂದು ಕೇಳಿದೆ. "ಯಾವ ಕಾಲದಾಗ ಅದೀರಿ ಮಾಸ್ತರ?" ಎಂದು ನಕ್ಕು ಬಾಗಿಲು ತೆರೆದು ತೋರಿಸಿದ. ಮುರಿದ ಕುರ್ಚಿಗಳ ಮೇಲೆ ಯಾರದೋ ಖಾಲಿ ಗೋಣಿಚೀಲ ಒಟ್ಟಿದ್ದರು.

"ಮತ್ತ ಆ ಬಾಗಲಾ ಯಾಕ ತಗದೈತಿ?" ಅಲ್ಲಿಯೂ ಹೆಂಗಸರಿಗೆ ಬೇರೆ ಬಾಗಿಲಿತ್ತು, ಅದು ಹಿಂದಿನ ಓಣಿಗೆ ತೆರೆದುಕೊಂಡಿತ್ತು.

"ನಿಂದರ್ರಿ, ಪಿಚ್ಚರ್ ಬಿಡೂ ಹೊತ್ತಾತು. ನೋಡೀರಂತ."

ನಿಂತೆ. ಗಂಟೆ ಹೊಡೆಯಿತು. ದೊಡ್ಡ ಬಾಗಿಲಿನಿಂದ ಹುಡುಗರು, ಹಮಾಲರು, ಡ್ರೈವರುಗಳು ಬಂದರು. ಮುಖ ತೆರೆದೇ ಬಂದರು. ಲೇಡೀಸ್ ಗೇಟಿನಿಂದ ಬಂದವರು ಬೇರೆ. ತಲೆಯಿಂದ ಗದ್ದದವರೆಗೆ ಟವೆಲು ಸುತ್ತಿದವರು, ಕೊಡೆ ಅಡ್ಡ ಹಿಡಿದವರು, ಒಬ್ಬ ಮಹಾಶಯರು ಕರವಸ್ತ್ರವನ್ನು ಹಲ್ಲುನೋವಿನವರಂತೆ ಗಲ್ಲಕ್ಕೆ ಒತ್ತಿಕೊಂಡವರು. ಅಡತಿ ಅಂಗಡಿಯ ವ್ಯಾಪಾರಿಗಳು, ಆಫೀಸಿನವರು. ಧೋತರದ ಅಂಚು, ಬೂಟಿನ ಪಾಲಿಶ್ ನೋಡಿದರೆ ಗೊತ್ತಾಗುವ ಮರ್ಯಾದಸ್ಥರು. ಚಿತ್ರದೊಳಗಿನ ಹೆಂಡತಿಗೆ ಕಾಡಿಗೆಯ ಒಂದು ಚುಕ್ಕೆ ಸಾಕಾಗಿತ್ತು. ಈ ಗಂಡಂದಿರಿಗೆ ಪೂರ್ತಿ ಟವೆಲು ಬೇಕಾಗಿತ್ತು.

"ಹಿರೇರಿಗೆ ಅನುಕೂಲ ಆಗ್ಲೆಂತ ಇಟ್ಟೇವಿ," ಎಂದ ಮ್ಯಾನೇಜರ್. "ಹೆಣಮಕ್ಕಳ ಬಾಗಲಾ ಅಂದ್ರ ಅಲ್ಲಿ ಯಾರೂ ನೋಡಂಗಿಲ್ಲಲ್ರಿ. ಅದ ಹಳೇ ಮರ್ಯಾದಿ."

ಕನ್ನಡಿ ಸೀನು ಅಲ್ಲಿಯೂ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಭಜಿ ಕೊಂಡು, ತಿನ್ನಲಾಗದೆ ಆಕಳಿಗೆ ಹಾಕಿದೆ. ಆಕಳೂ ಮೂಸಿ ನೋಡಿ ತಿಂದಿತು.

ಕಿತ್ತೂರಿನ ಥೇಟರ್ ಎಂದರೆ ತಗಡಿನ ಶೆಡ್ಡು. ಪ್ರಿಂಟು ಹುಬ್ಬಳ್ಳಿಯಿಂದ ಮೊದಲು ಬಂದದ್ದೇ ಅಲ್ಲಿಗೆ. ಆಪರೇಟರ್ ನನಗಿಂತ ಹಿರಿಯ. ಲುಂಗಿ ಎತ್ತಿ ಕಟ್ಟಿಕೊಂಡು ಮಷೀನಿನ ದೀಪಕ್ಕೆ ಹಾಕುವ ಕಾರ್ಬನ್ ಕಡ್ಡಿಯ ತುದಿ ಉಜ್ಜುತ್ತ ಕುಳಿತಿದ್ದ. ಸುತ್ತುಬಳಸು ಮಾಡದೆ ಒಪ್ಪಿಕೊಂಡ.

"ನಾನ ಕಟ್ ಮಾಡೇನ್ರಿ. ಹುಬ್ಬಳ್ಳಿಯಂವ ಮುಂದ ನಿಂತು ಮಾಡಿಸ್ಯಾನ. ಇಲ್ಲಿಂದ ಇಲ್ಲಿತನಕಾ ತಗಿ, ಇದನ್ನ ಹಚ್ಚು ಅಂದ. ಹಚ್ಚಿದೆ. ಹೊಟ್ಟಿಪಾಡು."

"ತುಂಡು ಎಲ್ಲಿ ಅದಾವ?"

ಅವನು ಎದ್ದು ಹಗ್ಗದ ಮೇಲೆ ಕ್ಲಿಪ್ಪು ಹಾಕಿ ನೇತುಬಿಟ್ಟಿದ್ದ ಒಂದು ಸುರುಳಿ ತಂದ. "ಇದು ಕಡೇ ಸೀನು. ಆ ಹೆಣಮಗಳ ಮಾರಿ ಇದರಾಗ ಭಾಳ ಚಂದ ಐತಿ, ಒಗ್ಯಾಕ ಮನಸಾಗಲಿಲ್ಲ." ಬೆಳಕಿಗೆ ಹಿಡಿದೆ. ಸೆರಗಿನ ತುದಿ, ಗಲ್ಲ, ಅರ್ಧ ಅಳಿಸಿದ ಮಚ್ಚೆ. ಎರಡು ದಿನದಲ್ಲಿ ಮೊದಲ ಸಲ ಒಂದು ಪೂರ್ತಿ ಮುಖ ನೋಡಿದೆ.

"ಕನ್ನಡಿ ಸೀನು?"

"ಅದೂ ಐತ್ರಿ." ಗೂಡಿನಿಂದ ಔಷಧದ ಕಂದು ಬಾಟಲಿಯೊಂದನ್ನು ತೆಗೆದು ನನ್ನ ಕೈಗಿಟ್ಟ. "ಇದರಾಗ."

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಫಿಲ್ಮ್ ಜೋಡಿಸುವ ಸಿಮೆಂಟು ಪೇಟೆಯಲ್ಲಿ ಸಿಗದಿದ್ದಾಗ ಹಳೆಯ ಆಪರೇಟರುಗಳು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಬೇಡದ ಫಿಲ್ಮನ್ನು ಬಿಸಿನೀರು-ಸೋಡಾದಲ್ಲಿ ನೆನೆಸಿ, ಉಜ್ಜಿ ಚಿತ್ರವನ್ನೆಲ್ಲ ತೊಳೆದು, ಗಾಜಿನಂತಾದ ಪಟ್ಟಿಯನ್ನು ಚೂರು ಮಾಡಿ ಅಸಿಟೋನಿನಲ್ಲಿ ಹಾಕಿದರೆ ಕರಗಿ ಪಾಕವಾಗುತ್ತದೆ. ಅವನು ಕನ್ನಡಿ ಸೀನನ್ನು ತೊಳೆದು ಕರಗಿಸಿದ್ದ. ಏಳನೆಯ ರೀಲಿನ ಕತ್ತರಿಸಿದ ತುದಿಗಳನ್ನೂ ಬಿಟ್ಟನ್ನೂ ಆ ಪಾಕದಿಂದಲೇ ಅಂಟಿಸಿದ್ದ. ಅಂದರೆ, ನಾನು ಬುಧವಾರ ಬೆರಳಲ್ಲಿ ಮುಟ್ಟಿದ ದಪ್ಪ ಜೋಡಣೆಯೊಳಗೆ ಆಕೆಯ ಬಳೆ, ಚೌರಿ, ಕಾಡಿಗೆ ಎಲ್ಲ ಇದ್ದವು.

ಬೈಯಬೇಕೆಂದುಕೊಂಡೆ. ಅಸಿಟೋನಿನ ವಾಸನೆಗೆ ಕೆಮ್ಮು ಬಂತು. "ಒಯ್ರಿ, ಛಲೋ ಹಿಡೀತೈತಿ," ಎಂದು ಅವನು ಬೂಚು ಬಿಗಿದು ಕೊಟ್ಟ. ಕೊನೆಯ ಸೀನನ್ನು ಟಿಫಿನ್ ಡಬ್ಬಿಯಲ್ಲಿ ಸುತ್ತಿಟ್ಟು, ಬಾಟಲಿಯನ್ನು ಕಿಸೆಗೆ ಹಾಕಿಕೊಂಡು ವಾಪಸು ಬಸ್ಸು ಹಿಡಿದೆ.

ಶುಕ್ರವಾರ ಬೆಳಿಗ್ಗೆ ಕ್ಯಾಬಿನ್ನಿನಲ್ಲಿ ಕೆಲಸಕ್ಕೆ ಕುಳಿತೆ. ಬಿಟ್ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ದಿನಪತ್ರಿಕೆಯಲ್ಲಿ ಸುತ್ತಿ ಪ್ರತಿನಿಧಿಯ ಚೀಲದ ಮೇಲಿಟ್ಟೆ. ಆ ಜಾಗದಲ್ಲಿ ಕೊನೆಯ ಸೀನು ಸೇರಿಸಬೇಕು. ಬ್ಲೇಡಿನಿಂದ ಒಂದು ತೂತಿನಷ್ಟು ಅಗಲ ಚಿತ್ರದ ಪದರ ಕೆರೆದು, ಹಿಂಬದಿಯನ್ನೂ ಹಗುರಾಗಿ ಕೆರೆದು, ಕುಂಚದಲ್ಲಿ ಪಾಕ ಸವರಿ, ತೂತಿಗೆ ತೂತು ಕೂಡಿಸಿ ಒತ್ತಿ ಹಿಡಿದೆ. ಕಿತ್ತೂರಿನವನು ಸುಳ್ಳು ಹೇಳಿರಲಿಲ್ಲ, ಛಲೋ ಹಿಡಿಯಿತು. ಆದರೆ ಏಳನೆಯ ರೀಲಿನ ತಗ್ಗು ಹಾಗೆಯೇ ಇತ್ತು. ನರ್ತಕಿ ಯಾರೆಂದು ತಿಳಿಯದೆ ಹೆಂಗಸರು ಕೊನೆಯ ಸೀನಿನವರೆಗೆ ಕುಳಿತರೆ ತಾನೆ ಕೊನೆಯ ಸೀನು?

ಖಾಲಾ ಮೇಲೆ ಬಂದಳು. ಆಕೆಗೆ ಎಲ್ಲ ಹೇಳಿ, ಆ ಬಳೆಯ ಸದ್ದು ಕೇಳಿಸಿದೆ.

"ಹಾಂ, ಬಳಿ ಬಿಚ್ಚತಾಳಲ್ಲ, ಅದು," ಎಂದಳು. ಎಷ್ಟೋ ವರ್ಷದ ಹಿಂದೆ ಆಕೆ ಗೇಟಿನ ಸಂದಿಯಿಂದ ದಿನಾ ಅದನ್ನು ನೋಡಿದವಳು. ರೀಲಿನ ಕಡೆ ಬೆರಳು ತೋರಿಸಿದಳು. "ಅದಿಲ್ಲಂದ್ರ ಮಾಸ್ತರ, ಇದು ರಂಡೆರ ಕಥಿ ಆತು. ನಮ್ಮ ಹೆಣಮಕ್ಕಳು ಎದ್ದ ಹೋಗ್ತಾರ. ಹೋಗಬೇಕ ಮತ್ತ. ನಾನೂ ಬಾಗಲಾ ತಗದ ಬಿಡ್ತೇನಿ."

ಗೇಟು ಹೋದರೂ ಸರಿ, ಹೆಂಗಸರನ್ನು ಇಂಥದ್ದರ ಮುಂದೆ ಕೂರಿಸುವುದಿಲ್ಲ ಎಂಬ ಧ್ವನಿಯಲ್ಲಿ ಹೇಳಿದಳು. ಆಗಲೇ ನನಗೆ ತೋಚಿದ್ದು. ತೋಚಿದ್ದಕ್ಕೆ ನಾಚಿಕೆಯೂ ಆಯಿತು. ಇಂಟರ್ವಲ್ ಬಿಟ್ಟು ಬೇರೆ ಹೊತ್ತಿನಲ್ಲಿ ಪರದೆ ಕತ್ತಲಾಗುವುದು ಎಂದರೆ ಆಪರೇಟರಿಗೆ ಪಂಕ್ತಿಯ ನಡುವೆ ಧೋತರ ಬಿಚ್ಚಿದಂತೆ. ಬರಿಯ ಕೈ ಸುಟ್ಟುಕೊಂಡಾದರೂ ನಾನು ಬೆಳಕು ಕಾಯ್ದವನು. ಈಗ ನಾನೇ ಆರಿಸಬೇಕಿತ್ತು.

"ಖಾಲಾ, ತಡಾ ಆಗಿ ಬಂದವರಿಗೆ ಕಥಿ ಹೇಳ್ತಿಯಲ್ಲ. ಇವತ್ತ ಎಲ್ಲಾರೂ ತಡಾ ಆಗಿ ಬಂದಾರ ಅಂತ ತಿಳಕೋ."

ಏಳನೆಯ ರೀಲನ್ನು ಆ ಜೋಡಣೆಯಲ್ಲೇ ಎರಡು ಮಾಡಿದೆ. ಮೊದಲ ಅರ್ಧದ ತುದಿಗೆ ಒಂದು ಮಾರು ಕಪ್ಪು ಫಿಲ್ಮ್ ಅಂಟಿಸಿ ಒಂದನೇ ಮಷೀನಿಗೆಂದು ಎತ್ತಿಟ್ಟೆ. ಉಳಿದರ್ಧ ಎರಡನೇ ಮಷೀನಿಗೆ. ನಡುವೆ ಎಷ್ಟು ಹೊತ್ತಾದರೂ ನಿಲ್ಲಬಹುದು. ಮಷೀನು ಕಾಯುತ್ತದೆ, ಕೆಳಗೆ ಕುಳಿತವರು ಕಾಯುತ್ತಾರೋ ಇಲ್ಲವೋ.

ಮೂರಕ್ಕೆ ಮುಂಚೆಯೇ ಓಣಿ ತುಂಬಿತು. ನೇಕಾರ ಓಣಿಯವರು, ಬೀಡಿ ಕಟ್ಟುವವರು, ಪ್ಯಾಟಿಯ ಗೌಡಶ್ಯಾನಿಯರು, ಬುರ್ಕಾದವರು, ಬಾಣಂತಿಯರು. ಅಂದು ಗಂಡಸರ ಸಾಲುಗಳೂ ಅವರವೇ. ಸಾವ್ಕಾರ್ರು ಕ್ಯಾಬಿನ್ನಿಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಇಡೀ ಕಟ್ಟಡದಲ್ಲಿ ನಾವಿಬ್ಬರೇ ಗಂಡಸರು. ಚಿತ್ರ ಓಡಿತು. ವಕೀಲ ಮೊದಲ ಸಲ ಬೇರೆಯವಳತ್ತ ನೋಡಿದಾಗಲೇ ಕೆಳಗಿನಿಂದ ಒಬ್ಬಾಕೆ, "ಇವನ ಮಾರಿಗಿಷ್ಟು," ಎಂದಳು. ಒಳ್ಳೆಯ ಲಕ್ಷಣ.

ಹೆಂಡತಿ ಕೋಣೆಯ ಬಾಗಿಲು ಹಾಕಿದಳು. ಪರದೆ ಕಪ್ಪಾಯಿತು. ಕತ್ತಲೆಯಲ್ಲಿ ಬಳೆ ಕಳಚಿದ ಸದ್ದು. ನಾನು ಮಷೀನಿನ ಆರ್ಕ್ ದೀಪ ಮುಚ್ಚಿ ಥೇಟರಿನ ದೀಪ ಹಾಕಿದೆ. ಕೂಸುಗಳು ಅತ್ತವು. "ಕರೆಂಟ ಹೋತೇನು?" "ದೀಪಾ ಹತ್ತೇತೆಲ್ಲ, ಕರೆಂಟೆಲ್ಲಿ ಹೋಗ್ತೈತಿ?" "ಆ ಮಾಸ್ತರಗ ನಿದ್ದಿ ಹತ್ತೇತಿ." ನಾಲ್ಕಾರು ಮಂದಿ ಎದ್ದು ನಿಂತು ಸೀರೆ ಝಾಡಿಸಿದರು. ಸಾವ್ಕಾರ್ರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ.

ಖಾಲಾ ಪರದೆಯ ಮುಂದೆ ಬಂದು ನಿಂತಳು. ಕೈಯಲ್ಲಿ ಟಿಕೇಟಿನ ಚೂರುಗಳು ಹಾಗೆಯೇ ಇದ್ದವು.

"ಕೂಡ್ರೆವಾ, ಕೂಡ್ರಿ. ಏ ನಿಂಗವ್ವಾ, ನೀ ಎಲ್ಲಿ ಹೊಂಟಿ, ಕೂಡ. ಇಲ್ಲೊಂದು ಸೀನ ಇತ್ತು. ಹುಬ್ಬಳ್ಳಿ ಗಂಡಸರು ಕತ್ತರಿಸ್ಯಾರ. ಯಾಕ ಅಂದ್ರ ಅದರಾಗ ಹೆಂಡ್ತಿ ಶಾಣ್ಯಾ ಆಗ್ತಾಳ."

ಎದ್ದವರು ನಿಂತಲ್ಲೇ ನಿಂತರು.

"ಕೇಳ್ರಿ. ಅಕಿ ಒಳಗ ಕನ್ನಡಿ ಮುಂದ ಕುಂತಾಳ. ಬಳಿ ಬಿಚ್ಚ್ಯಾಳ. ಕೇಳೀದ್ರಿಲ್ಲ ಸಪ್ಪಳಾ? ಅಳಾಕ ಹತ್ತಿಲ್ಲ. ಇಷ್ಟ ಉದ್ದ ಚೌರಿ ಕಟ್ಯಾಳ, ಕರೇ ಚಸ್ಮಾ ಹಾಕ್ಯಾಳ, ಇಲ್ಲೆ, ಈ ಗಲ್ಲದ ಮ್ಯಾಲ, ಕಾಡಗಿಲೆ ಒಂದ ಮಚ್ಚಿ." ತನ್ನ ಗಲ್ಲವನ್ನು ತೋರಿಸಿದಳು. "ಮುಂದ ಮುಂಬಯಿದಾಕಿ ಒಬ್ಬಾಕಿ ಬರ್ತಾಳ. ಅಕಿ ಬ್ಯಾರೆದಾಕಿ ಅಲ್ಲ, ಇಕಿನ. ಆ ಮಳ್ಳಗ ಗೊತ್ತಿಲ್ಲ. ನಿಮಗ ಗೊತ್ತಿರ್ಲಿ. ಅತ್ತಿ ಬಾಗಲದಾಗ ನಿಂತು ಕೇಳ್ತಾಳ, ಎಲ್ಲಿ ಹೊಂಟಿಯವಾ ಅಂತ. ನಿಮ್ಮ ಮಗನ್ನ ಹಿಡಕೊಂಡ ಬರಾಕ ಹೊಂಟೇನ್ರಿ ಅಂತಾಳ."

ಥೇಟರೆಲ್ಲ ನಕ್ಕ ಸದ್ದಿಗೆ ಕ್ಯಾಬಿನ್ನಿನ ಕಿಂಡಿಯ ಗಾಜು ನಡುಗಿತು. ಚಿತ್ರದಲ್ಲಿ ಅತ್ತೆಯೇ ಇಲ್ಲ. ಅದು ನನಗೂ ಸಾವ್ಕಾರ್ರಿಗೂ ಗೊತ್ತಿತ್ತು. "ಇಕಿ ಯಾವ ಅತ್ತಿನ್ನ ತಂದ್ಲೋ?" ಎಂದರು ಅವರು ಮೆಲ್ಲಗೆ. ನಾನು ಎರಡನೇ ಮಷೀನು ಬಿಟ್ಟೆ.

ಅಲ್ಲಿಂದ ಮುಂದೆ ಆ ವಕೀಲ ಮಾಡಿದ ಪ್ರತಿಯೊಂದು ಸರಸಕ್ಕೂ ಹೆಂಗಸರು ಅವನಿಗಿಂತ ಮೊದಲೇ ನಕ್ಕರು. ಹೋಟೆಲಿನ ಬಾಗಿಲು ಮುಚ್ಚಿದಾಗ ನಾನು ಜೋಡಣೆ ಮಷೀನಿನೊಳಗೆ ಹೋಗುವುದನ್ನು ನೋಡಿದೆ. ಹೋಯಿತು, ಟಕ್ ಎಂದಿತು, ಹಿಡಿಯಿತು. ಆಕೆ ಸೆರಗಿನ ತುದಿಗೆ ಕೈ ಹಾಕಿದಳು. ಮಚ್ಚೆ ಅಳಿಸಿತು. ಕೆಳಗೆ ಶಿಳ್ಳೆ ಹೊಡೆದವಳು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಹೆಂಗಸರ ಸಾಲಿನಿಂದ ಶಿಳ್ಳೆ ಬಂದದ್ದು ನಾನು ಕೇಳಿದ್ದು ಅದೊಂದೇ. ಒಬ್ಬರೂ ನಡುವೆ ಎದ್ದು ಹೋಗಲಿಲ್ಲ. ಹೊರಗೆ ಹೋಗುವಾಗ ಮಾತ್ರ ಕೆಲವರು ಗೇಟಿನಲ್ಲಿ ನಿಂತು, "ಅತ್ತಿ ಮುಂದ ಬರಲೇ ಇಲ್ಲಲ್ಲ ಖಾಲಾ?" ಎಂದು ಕೇಳಿದರು.

"ಅಕಿನ್ನೂ ಕತ್ತರಿಸ್ಯಾರ," ಎಂದಳು ಖಾಲಾ.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಸಂಜೆ ಅದೇ ಪ್ರಿಂಟಿನ ಮಾಮೂಲು ಶೋ ಇತ್ತು. ಈ ಚಿತ್ರದಲ್ಲಿ ಬಿಟ್ ಇದೆ ಎಂಬ ಸುದ್ದಿ ಸವದತ್ತಿಯಿಂದ ಪ್ರಿಂಟಿಗಿಂತ ಮೊದಲೇ ರಾಮದುರ್ಗ ಸೇರಿತ್ತು. ಗಂಡಸರು ಬಿಟ್ ನೋಡಲು ಬಂದಿದ್ದರು. ಬಿಟ್ ಇರಬೇಕಾದಲ್ಲಿ ಒಬ್ಬ ಹೆಂಡತಿ ಮುಖ ಒರೆಸಿಕೊಂಡಳು. ಮೊದಲು ಕೂಗಿದರು, ನಂತರ ಬ್ಲೇಡಿನಿಂದ ಕುರ್ಚಿ ಹರಿದರು. ಪರದೆಯ ಮೇಲೆ, ಸರಿಯಾಗಿ ಆಕೆಯ ಮುಖ ಬರುವ ಎತ್ತರಕ್ಕೆ, ಯಾರೋ ಎಲೆಯಡಿಕೆ ಉಗುಳಿದ್ದರು. ಅದನ್ನು ನಾನೇ ಒದ್ದೆ ಬಟ್ಟೆಯಿಂದ ಒರೆಸಿದೆ. ಕಲೆ ಪೂರ್ತಿ ಹೋಗಲಿಲ್ಲ. ಆಮೇಲೆ ಬಂದ ಎಲ್ಲ ನಾಯಕಿಯರಿಗೂ ಗಲ್ಲದ ಹತ್ತಿರ ಒಂದು ಮಚ್ಚೆ ಇರುತ್ತಿತ್ತು.

ಮರುದಿನ ಸಾವ್ಕಾರ್ರು ನಮ್ಮಿಬ್ಬರನ್ನೂ ಕರೆದರು. ಪ್ರತಿನಿಧಿಯೂ ಇದ್ದ.

"ಮಾತ ಅಂದ್ರ ಮಾತು. ಗೋಡಿ ಇರ್ಲಿ, ಗೇಟ್ ಇರ್ಲಿ, ಶುಕ್ರವಾರ ಲೇಡೀಸ್ ಶೋ ಇರ್ಲಿ," ಎಂದರು. ಆಮೇಲೆ ಪ್ರತಿನಿಧಿಯ ಕಡೆ ನೋಡದೆಯೇ, "ಹನ್ನೊಂದೂವರಿ ಶೋನೂ ಇರ್ಲಿ. ಕುರ್ಚಿ ರಿಪೇರಿ ಎಲ್ಲಿಂದ ಮಾಡ್ಸೂದು?" ಎಂದರು.

"ಹೆಣಮಕ್ಕಳು ಕೂಡೂ ಅದ ಕುರ್ಚಿ ಮ್ಯಾಲ ಏನ್ರಿ ಸಾವ್ಕಾರ್ರ?" ಎಂದೆ.

"ಕುರ್ಚಿಗೇನ ಗೊತ್ತಾಗ್ತೈತೋ?"

ನನಗೆ ಗೊತ್ತಾಗುತ್ತದೆ ಎಂದೆ. ಹನ್ನೊಂದೂವರೆಗೆ ಬೇರೆ ಆಪರೇಟರನ್ನು ಇಟ್ಟುಕೊಂಡರು. ನಾನು ಮಧ್ಯಾಹ್ನ ಬಂದು ಲೆನ್ಸು ಒರೆಸಿಕೊಂಡು ನನ್ನ ಶೋ ಶುರು ಮಾಡುತ್ತಿದ್ದೆ. ಟವೆಲು ಸುತ್ತಿದವರು ನಮ್ಮಲ್ಲಿಗೂ ಬಂದರು. ಮೊದಲ ದಿನವೇ ಲೇಡೀಸ್ ಗೇಟಿನಿಂದ ಹೊರಗೆ ಬಿಡೆಂದು ಕೇಳಿದರು. ಖಾಲಾ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಕುಪ್ಪಸಕ್ಕೆ ಸೇರಿಸಿದಳು. "ಮುಂದಿನ ಬಾಗಲದಿಂದ ಹೋಗ್ರಿ ಭೀಮಪ್ಪಣ್ಣಾರ," ಎಂದು ಟವೆಲಿನೊಳಗಿನವರ ಹೆಸರು ಹಿಡಿದೇ ಹೇಳಿದಳು. ಅವರು ಹೋದ ಮೇಲೆ ಫಿನಾಯಿಲ್ ಹಾಕಿ ಕುರ್ಚಿ ಒರೆಸಿದಳು.

ಥೇಟರ್ ಮುಚ್ಚುವತನಕ ಲೇಡೀಸ್ ಗೇಟಿನಿಂದ ಹೆಂಗಸರಷ್ಟೇ ಓಡಾಡಿದರು.